ಹೊಸ ಸ್ಪೀಕರ್ ಬರುವ ಮುಂಚೆ

ಏನ್ರೀ,

ನಾನು ಡ್ಯೂಟಿಗೆ ಹೊರಟೆ. ಹೊಸ ಸ್ಪೀಕರ್‌ಗಳು ಮಧ್ಯಾಹ್ನ ಬರುತ್ತವೆ. ಬೆಲ್ ನಿಮಗೆ ಕೇಳಿಸುವುದಿಲ್ಲ, ಬಾಗಿಲು ತೆರೆದಿಟ್ಟು ಹಾಲ್‌ನಲ್ಲೇ ಕೂತಿರಿ. ಟಿವಿ ಸ್ಟ್ಯಾಂಡನ್ನು ಅಂಗಡಿಯವರೇ ಸರಿಸಲಿ, ನೀವು ಸೊಂಟ ಹಿಡಿಸಿಕೊಳ್ಳಬೇಡಿ.

ಹಳೆಯ ಸ್ಪೀಕರ್‌ಗಳನ್ನು ಮಾತ್ರ ಅವರಿಗೆ ಕೊಟ್ಟು ಕಳಿಸಬೇಡಿ. ಅವು ಕೆಟ್ಟಿಲ್ಲ. ನಿನ್ನೆ ರಿಪೇರಿಯವನು ಬಿಚ್ಚಿ ನೋಡಿದ ಮೇಲೆ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕಾ, ನಿಮ್ ಹಾಡು ಅದ್ರಲ್ಲಿ ಎಷ್ಟು ಚೆನ್ನಾಗ್ ಕೇಳಿಸ್ತಿದೆ! ಯಜಮಾನ್ರು ಯಾಕೆ ಮಂಕಾಗಿದೆ ಅಂತಾರೆ?" ಎಂದ. ಕಿವಿ ಡಾಕ್ಟರು ಹೋದ ವಾರ ನನಗೊಬ್ಬಳಿಗೇ ಹೇಳಿದ್ದನ್ನು ಅವನಿಗೆ ಹೇಳಲಿಲ್ಲ. ನಿಮಗೂ ಹೇಳಿರಲಿಲ್ಲ. ನಿಮ್ಮ ಕಿವಿ ಇನ್ನು ಸುಧಾರಿಸುವುದಿಲ್ಲವಂತೆ. ಈಗ ಉಳಿದಿರುವುದೂ ಹೋಗುತ್ತದಂತೆ. ಮೆಷಿನ್ ಹಾಕಿದರೂ ಪ್ರಯೋಜನವಿಲ್ಲವಂತೆ.

ಸಂಜೆ ಹೇಳೋಣವೆಂದು ಪಕ್ಕದಲ್ಲಿ ಬಂದು ಕೂತೆ. ನೀವು ಹೊಸ ಸ್ಪೀಕರಿನ ಚಿತ್ರ ತೋರಿಸಿ, "ಇದ್ರಲ್ಲಿ ಮೊದ್ಲು ನಿನ್ ಹಾಡೇ ಹಾಕ್ತೀನಿ, ಮದುವೆಗೆ ಮುಂಚೆ ಹಾಡಿದ್ದು. ನೀನು ಉಸಿರು ತಗೊಳ್ಳೋದೂ ಕೇಳ್ಸುತ್ತೆ ನೋಡು" ಅಂದಿರಿ. ಊಟಕ್ಕೆ ಬಡಿಸುವ ನೆಪದಲ್ಲಿ ಎದ್ದುಹೋದೆ. ಅಲ್ಲದೆ ಇದು ಮೇಲಿನ ಮನೆಯವರಿಗೆಲ್ಲ ಕೇಳುವಂತೆ ಕೂಗಿ ಹೇಳುವ ಮಾತೇ? ಅದಕ್ಕೇ ಬರೆದೆ.

ಸಿಟ್ಟು ಬಂದರೆ ಬರಲಿ, ಊಟದ ಮೇಲೆ ತೋರಿಸಬೇಡಿ. ತಟ್ಟೆ ಮುಚ್ಚಿಟ್ಟಿದ್ದೇನೆ.

ಹಾಡು ಹಾಕಿ. ಎಷ್ಟು ಜೋರಾಗಿ ಬೇಕಾದರೂ ಹಾಕಿ. ಕೇಳಿಸದಿದ್ದರೆ ಕೇಳಿಸಿತು ಎಂದು ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡಿ. ಬಂದು ನಿಮ್ಮ ಪಕ್ಕ ಕೂರುತ್ತೇನೆ. ನನ್ನ ಕೈಲಾಗುವುದು ಅಷ್ಟೇ.