ಮೆಟ್ಟಿಲ ಮೇಲಿನ ಫಿಲ್ಟರ್

ಮಹಡಿಯ ಕೊನೆಯ ಕೋಣೆ, ನಿನ್ನ ಮಂಚದ ಪಕ್ಕದ ಕುರ್ಚಿ
ಗುರುವಾರ, ಬೆಳಗಿನ ಚಹಾ ಆದ ಮೇಲೆ

ಇವಳೇ,

ಮದುವೆಯಾದಾಗಿನಿಂದ ಹೀಗೇ ಕರೆದಿದ್ದೇನೆ. ಕಾಗದದಲ್ಲಿ ಹೊಸದೇನಾದರೂ ಹುಡುಕಿ ಬರೆದರೆ ನಿನಗೆ ಅನುಮಾನ ಬರುತ್ತದೆ. ಮಂಡಿ ನೋವು ಹೇಗಿದೆ? ಕೆಮ್ಮು ಕಡಿಮೆಯಾಯಿತೇ, ಅಥವಾ ತಂಗಿಯ ಮನೆಯಲ್ಲಿ ಕೆಮ್ಮಿದರೆ ಚೆನ್ನಾಗಿರುವುದಿಲ್ಲ ಎಂದು ನುಂಗಿಕೊಳ್ಳುತ್ತಿದ್ದೀಯೋ? ಅವಳ ಗಂಡ ಈಗಲೂ ಊಟಕ್ಕೆ ಕೂತಾಗ ರೇಡಿಯೋ ಹಾಕುತ್ತಾನೆಯೇ? ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರೆ ತಪ್ಪಿಸಿಲ್ಲ. ಒಂದು ದಿನ ಮರೆತು ಎರಡು ಸಲ ನುಂಗಿದೆ, ಇನ್ನೊಂದು ದಿನ ಮರೆತು ನುಂಗಲಿಲ್ಲ. ಅಲ್ಲಿಗೆ ಬಾಬ್ತು ಚುಕ್ತಾ.

ದುಡ್ಡಿನ ಮಾತು ಮೊದಲು ಮುಗಿಸಿಬಿಡುತ್ತೇನೆ. ನಮ್ಮ ಕೋಣೆ ತಣ್ಣಗಾದ ಈ ಪ್ರಕರಣಕ್ಕೆ ಆದ ಖರ್ಚು ಹೀಗಿದೆ: ನೀನು ಹಟ ಮಾಡಿ ತರಿಸಿದ ಎರಡು ಕರೆಂಟಿನ ಹೀಟರು, ಅದರಲ್ಲಿ ಒಂದು ಆಗಲೇ ಸುಟ್ಟಿದೆ. ಒಂದು ದಪ್ಪ ರಜಾಯಿ. ಡಾಕ್ಟರಿಗೆ ಎರಡು ಸಲ, ಕೆಮ್ಮಿನ ಔಷಧಿ ಬೇರೆ. ಹೋದ ವರ್ಷದ ಒಂದೂವರೆ ಪಟ್ಟು ಬಂದ ಕರೆಂಟ್ ಬಿಲ್ಲು. ನಿನ್ನ ರೈಲು ಟಿಕೆಟ್ಟು, ಕಿಟಕಿ ಪಕ್ಕವೇ ಬೇಕೆಂದು ಹೆಚ್ಚಿಗೆ ತೆತ್ತದ್ದೂ ಸೇರಿ. ಎಲ್ಲ ಕೂಡಿದರೆ ಒಂದು ಒಳ್ಳೆಯ ಹೊಲಿಗೆ ಯಂತ್ರ ಬರುತ್ತಿತ್ತು, ಕೂರಲು ಸ್ಟೂಲೂ ಬರುತ್ತಿತ್ತು. ಕೊನೆಗೆ ಎಲ್ಲವನ್ನೂ ಸರಿಮಾಡಿದ್ದು ಗಾಳಿಯ ಧೂಳು ಸೋಸುವ, ರಟ್ಟಿನ ಚೌಕಟ್ಟಿನ ಒಂದು ಫಿಲ್ಟರ್. ನಮ್ಮ ಅಂಗಡಿಯಲ್ಲಿ ಒಂದು ಡಜನ್ ಕೋಟಿನ ಗುಂಡಿಗೆ ಎಷ್ಟೋ ಅಷ್ಟು ಅದರ ಬೆಲೆ. ಅದೂ ಮನೆಯಲ್ಲೇ ಇತ್ತು. ನಾನೇ ಅದನ್ನು ದಾಟಿಕೊಂಡು ಓಡಾಡಿದ್ದೇನೆ.

ನೀನು ಹೋದ ಮೇಲೆ ಚಳಿ ಜೋರಾಯಿತು. ಕೆಳಗೆ ಮೆಟ್ಟಿಲಡಿಯ ಗೂಡಿನಲ್ಲಿರುವ ನಮ್ಮ ಮಷೀನು, ಚಳಿಯಲ್ಲಿ ಬಿಸಿಗಾಳಿಯನ್ನೂ ಸೆಕೆಯಲ್ಲಿ ತಣ್ಣನೆ ಗಾಳಿಯನ್ನೂ ಇಡೀ ಮನೆಗೆ ಊದುವ ಆ ಮುದಿ ಎತ್ತು, ಸೋಮವಾರ ಬೆಳಿಗ್ಗೆ ಒಮ್ಮೆ ಗುರ್ರೆಂದು ನಿಂತೇಬಿಟ್ಟಿತು. ನಮ್ಮ ಕೋಣೆ ಹೇಗೂ ತಣ್ಣಗಿತ್ತಲ್ಲ, ನನಗೆ ಗೊತ್ತಾಗಲೇ ಇಲ್ಲ. ಕೆಳಗೆ ನಮ್ಮ ದೊಡ್ಡ ಮಗನ ಪಾಲಿನವರಿಗೆ ಗೊತ್ತಾಯಿತು. ದೊಡ್ಡವನು ಮೆಕ್ಯಾನಿಕ್ಕಿಗೆ ಫೋನ್ ಮಾಡಿದ. ಅವನು ಕೇಳಿದ್ದು ಒಂದೇ ಪ್ರಶ್ನೆ: ಫಿಲ್ಟರ್ ಬದಲಾಯಿಸಿದ್ದು ಯಾವಾಗ? ದೊಡ್ಡವನು ಫೋನ್ ಹಿಡಿದುಕೊಂಡೇ, "ಅದು ಮೇಲಿನವರು ತಂದುಕೊಡಬೇಕು" ಅಂದ. ಮೇಲಿನ ಪಾಲಿನ ಚಿಕ್ಕವನು ಅದೇ ಹೊತ್ತಿಗೆ ಮೆಟ್ಟಿಲಿಳಿಯುತ್ತಿದ್ದ. ಅಲ್ಲಿಂದಲೇ, "ತಂದಿಟ್ಟು ಯಾವ ಕಾಲ ಆಯ್ತು, ಹಾಕೋರು ಹಾಕ್ಬೇಕಲ್ಲ" ಅಂದ. ಫೋನಿನಲ್ಲಿದ್ದವನು ಇಬ್ಬರನ್ನೂ ಕೇಳಿಸಿಕೊಂಡು, "ಸ್ವಾಮಿ, ಮೊದಲು ನೀವು ಮಾತಾಡ್ಕೊಳ್ಳಿ, ಆಮೇಲೆ ನನಗೆ ಮಾಡಿ" ಎಂದು ಇಟ್ಟುಬಿಟ್ಟ. ಬುದ್ಧಿವಂತ. ಆ ಸಲಹೆಗೆ ಅವನು ಬಿಲ್ಲು ಹಾಕಿಲ್ಲ.

ನಿನಗೆ ಕರಾರು ನೆನಪಿರಬೇಕು. ಮನೆ ಪಾಲು ಮಾಡುವಾಗ ಗೋಡೆ, ನಲ್ಲಿ, ಗೇಟು, ಎಲ್ಲ ಹಂಚಿಕೆಯಾಯಿತು. ಮಷೀನು ಮಾತ್ರ ಒಂದೇ ಇತ್ತು. ಅದನ್ನು ಗರಗಸ ಹಾಕಿ ಕೊಯ್ಯಲು ಬರುವುದಿಲ್ಲ. ಫಿಲ್ಟರನ್ನು ಮೇಲಿನವನು ಕೊಂಡು ತರಬೇಕು, ಕೆಳಗಿನವನು ಹಾಕಬೇಕು ಎಂದು ನಾನೇ ಬರೆಸಿದೆ. ಇಬ್ಬರ ಕೈಯೂ ಬೇಕಾದರೆ ಇಬ್ಬರೂ ಮಾತಾಡುತ್ತಾರೆ ಎಂಬುದು ನನ್ನ ಲೆಕ್ಕ. ಗುಂಡಿ ಮಾರಿ ಬದುಕಿದವನಿಗೆ ಎರಡು ತುಂಡು ಬಟ್ಟೆ ಕಂಡರೆ ಸೇರಿಸುವ ಚಟ. ಆದರೆ ನಮ್ಮ ಮಕ್ಕಳು ಜಗಳವಾಡಿದವರಲ್ಲ. ಜಗಳವಾಡಿದ್ದರೆ ಮನೆ ಒಂದಿಷ್ಟು ಬೆಚ್ಚಗಾದರೂ ಇರುತ್ತಿತ್ತು. ಪಾಲಾದ ಮೇಲೆ ಇಬ್ಬರೂ ಮರ್ಯಾದಸ್ಥರಾಗಿಬಿಟ್ಟರು. ಒಬ್ಬರ ವಸ್ತುವನ್ನು ಇನ್ನೊಬ್ಬರು ಮುಟ್ಟುವುದಿಲ್ಲ, ಒಬ್ಬರ ವಿಷಯ ಇನ್ನೊಬ್ಬರು ಕೇಳುವುದಿಲ್ಲ. ಬಾಡಿಗೆದಾರರೂ ಇಷ್ಟು ಚೆನ್ನಾಗಿ ನಡೆದುಕೊಳ್ಳುವುದಿಲ್ಲ.

ಆದದ್ದು ಇಷ್ಟು. ಚಿಕ್ಕವನು ಕರಾರಿನಂತೆ ಹೊಸ ಫಿಲ್ಟರ್ ತಂದು, ಚಪ್ಪಟೆ ರಟ್ಟಿನ ಕವರಿನಲ್ಲಿದ್ದ ಹಾಗೇ, ಕೆಳಗಿನ ಕೊನೆಯ ಮೆಟ್ಟಿಲ ಮೇಲೆ ಇಟ್ಟ. ಅವನದು ಫೋಟೋಗೆ ಕಟ್ಟು ಹಾಕುವ ಕೆಲಸ, ದಿನ ಬೆಳಗಾದರೆ ಅಂಥವೇ ಚಪ್ಪಟೆ ಕವರುಗಳು ಮನೆಗೆ ಬರುತ್ತವೆ. ಇದೂ ಅವನದೇ ಯಾವುದೋ ಫ್ರೇಮು, ಕಾಲಿಗೆ ಸಿಕ್ಕಿ ಒಡೆದೀತು ಎಂದು ಕೆಳಗಿನವರು ಜೋಪಾನವಾಗಿ ಎತ್ತಿ ಮೇಲಿನ ಬಾಗಿಲಿಗೆ ಒರಗಿಸಿದರು. ಚಿಕ್ಕವನು ಸಂಜೆ ಬಂದು ನೋಡಿದ. ಅಣ್ಣನಿಗೆ ತನ್ನ ಕೈಯಿಂದ ಬಂದದ್ದು ಬೇಡವಾಯಿತು ಅಂದುಕೊಂಡ. ಕೇಳಿದನೇ? ಊಹೂಂ. ವಾರ ಬಿಟ್ಟು ಮತ್ತೆ ಕೆಳಗಿಟ್ಟ. ಅದು ಮತ್ತೆ ಮೇಲೆ ಬಂತು. ಹಾಗೆ ಹೋದ ಬೇಸಿಗೆಯಿಂದ ಈ ಚಳಿಯವರೆಗೆ ಆ ಒಂದು ಫಿಲ್ಟರ್ ಮೆಟ್ಟಿಲು ಹತ್ತಿ ಇಳಿದಷ್ಟು ನಿನ್ನ ಮಂಡಿ ಹತ್ತಿ ಇಳಿದಿದ್ದರೆ ನೀನು ಈ ಹೊತ್ತಿಗೆ ಓಡುತ್ತಿದ್ದೆ. ಚಿಕ್ಕವನು ಅದಕ್ಕೆ ಅವಮಾನ ಎಂದು ಹೆಸರಿಟ್ಟಿದ್ದ. ದೊಡ್ಡವನು "ನಮ್ಮ ಬಾಗಿಲಲ್ಲಿ ಸಾಮಾನು ತಂದು ಸುರೀತಾನೆ" ಅಂದುಕೊಂಡಿದ್ದ. ಕವರನ್ನು ಬಿಚ್ಚಿ ನೋಡಿದ್ದರೆ ಮುಗಿಯುತ್ತಿತ್ತು. ಆದರೆ ಬೇರೆಯವರ ಕವರು ಬಿಚ್ಚಬಾರದು ಎಂದು ಇಬ್ಬರಿಗೂ ಕಲಿಸಿದವಳು ನೀನು.

ಅಂತೂ ಅಂದು ಇಬ್ಬರೂ ಗೂಡಿನ ಮುಂದೆ ನಿಂತರು. ಸ್ವಿಚ್ ಆರಿಸಿ, ಮುಚ್ಚಳ ತೆಗೆದು, ಹಳೆಯದನ್ನು ಎಳೆದರು. ಫಿಲ್ಟರ್ ಅಲ್ಲ ಅದು, ಕಂಬಳಿ. ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ಒಂದು ಸೂಜಿಮೊನೆಯಷ್ಟು ಬೆಳಕೂ ದಾಟಲಿಲ್ಲ. ಗಾಳಿ ಎಲ್ಲಿಂದ ದಾಟಬೇಕು? ಮಷೀನು ಉಸಿರು ಸಿಗದೆ ಏದುತ್ತಿತ್ತು. ಬಂದ ಚೂರುಪಾರು ಬಿಸಿಗಾಳಿ ಹತ್ತಿರದ ಕೋಣೆಗಳಲ್ಲೇ ಮುಗಿದುಹೋಗುತ್ತಿತ್ತು. ಕೊನೆಯ ಪಂಕ್ತಿಯಲ್ಲಿ ಕೂತ ನಮಗೆ ಬರೀ ಎಲೆ. ಆ ಕಂಬಳಿಯಲ್ಲಿ ಏನೇನಿತ್ತು ಎಂದು ಬಿಡಿಸಿ ನೋಡಿದೆ, ಹಳೆಯ ಅಭ್ಯಾಸ. ಚಿಕ್ಕವನ ನಾಯಿಯ ಕಂದು ಕೂದಲು. ದೊಡ್ಡವನು ಹಿತ್ತಿಲಲ್ಲಿ ಬಾಗಿಲು ಉಜ್ಜಿದಾಗಿನ ಮರದ ಪುಡಿ. ಮಿಕ್ಕಿದ್ದು ಹಸಿರು ಉಣ್ಣೆಯ ಧೂಳು. ಮೊಮ್ಮಗನ ಸ್ವೆಟರಿಗೆಂದು ನೀನು ನಮ್ಮ ಕೋಣೆಯಲ್ಲಿ ಕೂತು ಹೆಣೆದದ್ದು, ತೋಳು ಉದ್ದವಾಯಿತೆಂದು ಎಷ್ಟು ಸಲ ಬಿಚ್ಚಿದೆಯೋ ಅಷ್ಟೂ ಸಲದ ಧೂಳು. ಎಲ್ಲರ ಪಾಲೂ ಇತ್ತು. ಸಮಪಾಲಲ್ಲ. ಹೇಳಬಾರದು ಎಂದುಕೊಂಡಿದ್ದೆ, ನಿನ್ನದೇ ಜಾಸ್ತಿ.

ಹೊಸದನ್ನು ಕೂರಿಸುವಾಗ ರಟ್ಟಿನ ಅಂಚಿನ ಮೇಲೆ ಒಂದು ಬಾಣದ ಗುರುತು ಕಾಣಿಸಿತು. ಬಾಣ ಮಷೀನಿನ ಕಡೆಗೆ ಇರಬೇಕು ಅಂದ ಚಿಕ್ಕವನು. ಮಷೀನಿನಿಂದ ಆಚೆಗೆ ಅಂದ ದೊಡ್ಡವನು. "ಗಾಳಿ ಒಳಗೆ ಹೋಗೋದಣ್ಣ!" "ಗಾಳಿ ಆಚೆ ಬರ್ದೆ ನಾವೇನು ಸುಮ್ನೆ ಬಿಲ್ ಕಟ್ತಿದೀವಾ?" ಎಂದು ಶುರುವಾಯಿತು ನೋಡು. ಪಾಲಾದ ಮೇಲೆ ಅವರಾಡಿದ ಮೊದಲ ಮಾತುಕತೆ. ಚಿಕ್ಕ ಹುಡುಗರಾಗಿದ್ದಾಗ ಗಾಳಿಪಟಕ್ಕೆ ಹೇಗೆ ಕಚ್ಚಾಡುತ್ತಿದ್ದರೋ ಹಾಗೇ. ಕೇಳಲು ಹಿತವಾಗಿತ್ತು, ಸ್ವಲ್ಪ ಹೊತ್ತು ಬಿಟ್ಟೆ. ಆಮೇಲೆ ಬರೀ ಫ್ಯಾನ್ ಹಾಕಿಸಿ, ಜೇಬಿನಲ್ಲಿದ್ದ ದಾರದ ತುಂಡನ್ನು ಫಿಲ್ಟರ್ ಕೂರುವ ಸಂದಿನ ಮುಂದೆ ಹಿಡಿದೆ. ದಾರ ಮಷೀನಿನ ಕಡೆಗೆ ಸೊರ್‍ರನೆ ನೆಟ್ಟಗಾಯಿತು. "ನಂಗೂ ಹಾಗೇ ಅನ್ಸಿತ್ತು" ಅಂದ ದೊಡ್ಡವನು. ಚಿಕ್ಕವನು ನಕ್ಕ. ಮತ್ತೆ ಸ್ವಿಚ್ ಆರಿಸಿ, ಫಿಲ್ಟರ್ ಕೂರಿಸಿ, ಮುಚ್ಚಳ ಹಾಕಿದೆವು. ಮಧ್ಯಾಹ್ನದ ಹೊತ್ತಿಗೆ ನಮ್ಮ ಕೋಣೆಗೆ ಗಾಳಿ ಬರುವ ಜಾಲರಿಯ ಕೆಳಗೆ ನೀನು ನೇತುಹಾಕಿದ್ದ ಟವೆಲ್ಲು ಅಲ್ಲಾಡುತ್ತಿತ್ತು.

ಇನ್ನು ಹಿರಿಯ ಸೊಸೆಯ ವಿಷಯ. ನೀನು ಕೆಳಗಿನ ಹಾಲಿನಲ್ಲಿ, ಮಷೀನಿನ ಬಿಸಿ ಏರಿಸಿ ಇಳಿಸುವ ಗೋಡೆಯ ನಾಬಿನ ಪಕ್ಕ ನಿಂತು ಎಲ್ಲರೆದುರು ಆಡಿದ ಮಾತು ನಿನಗೆ ಜ್ಞಾಪಕವಿದೆ, ನನಗೂ ಇದೆ. "ಕೆಳಗೆ ಕಿಟಕಿ ತೆಗ್ದು ಮಲಗ್ತೀರ, ಮೇಲೆ ನಾವು ಮೂರು ಹೊದಿಕೆ ಹೊದ್ಕೋಬೇಕು. ನಾಬು ಯಾರ ಕೈಲಿದೆ ಅಂತ ಗೊತ್ತಿಲ್ವಾ? ನಾನು ತಣ್ಣಗಾಗೋವರ್ಗೂ ಕಾಯೋಕೆ ಆಗ್ಲಿಲ್ವೇನೇ ನಿಂಗೆ?" ಅವಳು ಬಟ್ಟೆ ಮಡಿಚುತ್ತಿದ್ದಳು. ಕೈಯಲ್ಲಿದ್ದ ನಿನ್ನ ಸೀರೆಯ ಮಡಿಕೆ ಪೂರ್ತಿ ಮಾಡಿ, ಮೇಲಿಟ್ಟು, ಒಳಗೆ ಹೋದಳು. ಮರುದಿನ ನೀನು ರೈಲು ಹತ್ತಿದೆ. ಈಗ ದೊಡ್ಡವನ ಬಾಯಿಂದ ಬಂದದ್ದನ್ನು ಬರೆಯುತ್ತೇನೆ, ನನ್ನದೇನೂ ಸೇರಿಸಿಲ್ಲ. ಚಳಿ ಶುರುವಾದಾಗಿನಿಂದ ಅವಳು ನಾಬನ್ನು ಇಳಿಸಿಲ್ಲ, ಏರಿಸುತ್ತಾ ಬಂದಿದ್ದಳು. ಅತ್ತೆ ಕೆಮ್ಮುವುದು ಕೇಳಿಸಿದಾಗಲೆಲ್ಲ ಒಂದೊಂದು ಗೆರೆ ಮೇಲಕ್ಕೆ. ಮೇಲೆ ತಲುಪಲಿಲ್ಲ, ಕೆಳಗೆ ಬೆಂದುಹೋಯಿತು. ಅದಕ್ಕೇ ಕಿಟಕಿ ತೆರೆದಿದ್ದದ್ದು. ನೀನು ನೋಡಿದ ಕಿಟಕಿ ಸುಳ್ಳಲ್ಲ. ಆ ಬಿಲ್ಲೂ ಸುಳ್ಳಲ್ಲ.

ನಿನ್ನ ತಂಗಿಗೂ ಅವಳ ಯಜಮಾನನಿಗೂ ನಾನು ಕೇಳಿದೆನೆಂದು ಹೇಳು. ರೇಡಿಯೋ ಬಗ್ಗೆ ಬರೆದದ್ದನ್ನು ಓದಿ ಹೇಳಬೇಡ. ನೀನು ಎಲ್ಲಿದ್ದರೂ ಕಾಲಿಗೆ ಸಾಕ್ಸ್ ಹಾಕಿಕೊಂಡು ಬೆಚ್ಚಗಿರು.

ಇಂತು ನಿನ್ನ
ರೀ

ವಿ.ಸೂ.: ಕವರು ಅಂಟಿಸುವ ಮುಂಚೆ ಇನ್ನೊಂದು ಮಾತು. ನಿನ್ನೆ ಮೆಕ್ಯಾನಿಕ್ ಬಂದು ನೋಡಿ, ಎಲ್ಲ ಸರಿಯಿದೆ ಅಂದ. ಹಿರಿಯವಳು ಕೆಲಸಕ್ಕೆ ರಜೆ ಹಾಕಿ ಕಾದಿದ್ದಳು. ಹಾಲಿನ ಗೋಡೆಯ ನಾಬನ್ನು ಬಿಚ್ಚಿ ಮೇಲೆ ನಮ್ಮ ಕೋಣೆಗೆ ಹಾಕಿ ಅಂದಳು ಅವನಿಗೆ. "ಇನ್ಮೇಲೆ ಅದು ಅತ್ತೆ ಕೈಲೇ ಇರ್ಲಿ ಮಾವ" ಅಂದಳು ನನಗೆ. ಚುಚ್ಚಿ ಹೇಳಿದಳೋ, ಮನಸಾರೆ ಹೇಳಿದಳೋ ತಿಳಿಯಲಿಲ್ಲ, ಇಷ್ಟು ವರ್ಷ ಗಿರಾಕಿಗಳ ಮುಖ ಓದಿದವನಿಗೂ. ನಾಬು ಈಗ ನಿನ್ನ ತಲೆದಿಂಬಿನ ಪಕ್ಕದ ಗೋಡೆಯಲ್ಲಿದೆ. ನಾನು ಮುಟ್ಟುವುದಿಲ್ಲ. ಇಡೀ ಮನೆಯ ಬಿಸಿ ನಿನ್ನ ಬೆರಳಿನಲ್ಲಿ. ನೀನು ಬಂದ ದಿನ ಅದನ್ನು ತಿರುಗಿಸುವ ಮುಂಚೆ ಕೆಳಗಿಳಿದು, ಎಷ್ಟಕ್ಕೆ ಇಡಲಿ ಎಂದು ಅವಳನ್ನು ಕೇಳು. ಅಷ್ಟು ಸಾಕು, ಅವಳಿಗೆ ಅರ್ಥವಾಗುತ್ತದೆ. ಮುಂದಿನ ವಾರದ ಶನಿವಾರದ ರೈಲಿಗೆ ಕಿಟಕಿ ಪಕ್ಕದ ಸೀಟೇ ತೆಗೆಸಿದ್ದೇನೆ.

ಯಾರಿಗೆ ಏನು ಬಂತು: ಮೆಕ್ಯಾನಿಕ್ಕಿಗೆ ತಂತಿ ಎಳೆದ ಕೂಲಿ. ಚಿಕ್ಕವನಿಗೆ ಬಾಣದ ಗೆಲುವು. ದೊಡ್ಡವನಿಗೆ ಬಾಗಿಲಲ್ಲಿ ಕವರಿನ ಕಾಟ ತಪ್ಪಿತು. ರೈಲಿನವರಿಗೆ ಎರಡು ಟಿಕೆಟ್ಟು. ನನಗೆ ಬೆಚ್ಚಗಿನ ಪಾದ. ನಿನಗೆ ನಾಬು. ಹಿರಿಯವಳಿಗೆ ಇನ್ನೂ ಏನೂ ಬಂದಿಲ್ಲ.