ಗಂಡನ ಹೆಸರು ಹೇಳದವಳನ್ನು ಹುಚ್ಚಿಯೆಂದು ಬರೆದವರಿಗೆ

ಮಾನ್ಯರೇ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಹುಚ್ಚರ ಉಪಚಾರ ಸುಧಾರಿಸುವ ಹೊಸ ಕಾಯ್ದೆಯ ಕಮಿಟಿಯಲ್ಲಿ ತಮಗೆ ಕುರ್ಚಿ ಸಿಕ್ಕಿದೆಯೆಂದು ಪತ್ರಿಕೆಯಲ್ಲಿ ಓದಿದೆ. ನಾಲ್ಕು ವರ್ಷದ ಹಿಂದೆ ತಾವು ತಹಸೀಲ್ದಾರರಾಗಿದ್ದಾಗ ನನ್ನ ಹೆಂಡತಿ ಸೂಗಮ್ಮನನ್ನು ಒಂದೇ ಪ್ರಶ್ನೆಯಲ್ಲಿ ಹುಚ್ಚಿ ಮಾಡಿ, ಕಳ್ಳರನ್ನು ಕೂಡಿಹಾಕುವ ಹವಾಲಾತಿಗೆ ಅಟ್ಟಿದಿರಿ. ಅವಳು ಅಲ್ಲೇ ಸತ್ತಳು. ಕಾಯ್ದೆ ಬರೆಯಲು ಇಂಥ ಅನುಭವಸ್ಥರು ಇನ್ನೆಲ್ಲಿ ಸಿಗಬೇಕು?

ಅವಳಿಗೆ ಏನೂ ಆಗಿರಲಿಲ್ಲವೆಂದು ನಾನು ವಾದಿಸುವುದಿಲ್ಲ. ಮಗಳು ಪ್ಲೇಗಿನಲ್ಲಿ ಹೋದ ಮೇಲೆ ದಿನವೂ ಮಗಳ ತಾಟಿಗೆ ಬಡಿಸಿ, ರೊಟ್ಟಿ ಆರುತ್ತದೆ ಬಾ ಎಂದು ಬಾಗಿಲಿಗೆ ಹೋಗಿ ಕರೆಯುತ್ತಿದ್ದಳು. ಇನ್ನೊಂದು ವರ್ಷ ತಡೆಯಿರಿ ಎಂದು ನೆರೆಮನೆಯ ಜಿಜಾಬಾಯಿ ಹೇಳಿದಳು. ನಾನು ಕೇಳುತ್ತೇನೆಯೇ? ಹೈದರಾಬಾದಿನಲ್ಲಿ ಎರಡು ವರ್ಷ ಕಾಲೇಜು ಕಂಡವನು! ಸಾಯನ್ಸು, ಟ್ರೀಟ್‌ಮೆಂಟು ಎಂದು ಭಾಷಣ ಮಾಡಿ, ಕಲ್ಯಾಣಿಯಿಂದ ಹುಮನಾಬಾದಿನ ದಾರಿ ಹಿಡಿದು ಅವಳನ್ನು ತಮ್ಮ ಮುಂದೆ ತಂದು ನಿಲ್ಲಿಸಿದೆ. ದವಾಖಾನೆಗೆ ಸೇರಿಸಲು ತಮ್ಮ ಸಹಿ ಬೇಕಿತ್ತು. ತಾವು ನನ್ನನ್ನು ಹೊರಗೆ ಕೂರಿಸಿದಿರಿ. ಗಂಡ ಎದುರಿಗಿದ್ದರೆ ಹೆಂಡತಿ ಕಲಿಸಿದ್ದನ್ನೇ ಹೇಳುತ್ತಾಳಂತೆ.

ಗಂಡನ ಹೆಸರೇನು ಎಂದು ಕೇಳಿದಿರಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ನನ್ನ ಹೆಸರು ಹಿಡಿದವಳಲ್ಲ. ನಮ್ಮ ಕಡೆ ಯಾವ ಹೆಂಗಸು ಹಿಡಿಯುತ್ತಾಳೆ? ತೀರಾ ಒತ್ತಾಯವಾದರೆ ಒಡಪು ಹಾಕಿ, ಪದದ ಕೊನೆಗೆ ಹೆಸರು ಸೇರಿಸಿ ಹೇಳುತ್ತಾರೆ. ಎರಡು ಸಲ ಸುಮ್ಮನಿದ್ದವಳು ಮೂರನೆಯ ಸಲ ಗದರಿಸಿದಾಗ ಸೆರಗು ತಲೆಗೆಳೆದುಕೊಂಡು ಶುರು ಮಾಡಿದಳಂತೆ: "ಕುಸುಬಿ ಹೊಲದಾಗ ಹಳದಿ ಹೂವ, ಹೂವಿನ ಮ್ಯಾಲ ಇಬ್ಬನಿ ಸಾಲ..."

ಇದನ್ನು ಹೇಳಿದವನು ತಮ್ಮದೇ ಚಪರಾಸಿ ಇಸ್ಮಾಯಿಲ, ಅವಳ ಮಣ್ಣಿಗೆ ಬಂದಾಗ. "ಅಣ್ಣಾರ, ಅಕ್ಕಾರು ಒಡಪ ಹಾಕಾಕತ್ತಿದ್ರು. ಹೆಸರು ಬಾಯಿಗಿ ಬರೋದ್ರಾಗ ಸಾಹೇಬ್ರು ಬಸ್, ಸಾಕು ಅಂದ್ರು. ನನಗ ತಿಳೀತ್ರಿ. ನೌಕರಿ ಹೋಗ್ತದಂತ ಸುಮ್ಕ ನಿಂತೆ."

ತಮ್ಮ ಷರಾ ನೋಡಿದ್ದೇನೆ: ಗಂಡನ ಹೆಸರು ತಿಳಿಯದು, ಕೇಳಿದರೆ ಹಾಡುತ್ತಾಳೆ. ಉರ್ದು ಅಕ್ಷರ ಬಹಳ ಚೆಂದ. ದವಾಖಾನೆಗೆ ಒಯ್ಯಲು ಸಿಪಾಯಿ ಸಿಗಲಿಲ್ಲವೆಂದು ಹನ್ನೊಂದು ದಿನ ಹವಾಲಾತಿನಲ್ಲಿಟ್ಟಿರಿ. ಜ್ವರ ಅವಳನ್ನು ಅಲ್ಲಿಂದಲೇ ಒಯ್ದಿತು. ಹೇಬಿಯಸ್ ಎಂಬ ಇಂಗ್ಲಿಷ್ ಕಾನೂನೊಂದನ್ನು ಓದಿದ್ದೆ, ಮುಂದಿನ ಶಬ್ದ ಮರೆತಿದೆ. ದೇಹವನ್ನು ಹಾಜರುಪಡಿಸಿ ಎಂದು ಅರ್ಥ. ನಾನು ಅರ್ಜಿ ಬರೆಯುವ ಮೊದಲೇ ತಾವು ಹಾಜರುಪಡಿಸಿದಿರಿ, ಚಾಪೆಯಲ್ಲಿ ಸುತ್ತಿ.

ಹೊಸ ಮಸೂದೆಯಲ್ಲಿ ಹಾಸಿಗೆ, ಹಾಲು, ಕಿಟಕಿಯ ಅಳತೆ ಎಲ್ಲ ಇದೆಯಂತೆ. ವಿಚಾರಿಸುವವನಿಗೆ ರೋಗಿಯ ಮಾತು, ರೀತಿ ತಿಳಿದಿರಬೇಕೆಂಬ ಕಲಮು ಮಾತ್ರ ಇಲ್ಲ. ಅದು ಸೇರಬೇಕು. ರೋಗಿಯ ಪಕ್ಕದಲ್ಲಿ ಅವರ ಮನೆಯವರು ಕುಳಿತಿರಬೇಕು. ಒಬ್ಬರನ್ನೂ ಹವಾಲಾತಿಗೆ ಕಳಿಸಕೂಡದು. ಇದನ್ನು ಮಂಡಿಸುವವರು ತಾವೇ ಆಗಬೇಕು. ಯಾಕೆ ಬೇಕೆಂದು ಉಳಿದವರು ಕೇಳಿದಾಗ ಸೂಗಮ್ಮನಿಗೆ ಮಾಡಿದ್ದನ್ನು ತಮ್ಮ ಬಾಯಿಂದಲೇ ಹೇಳಬೇಕು. ಕ್ಷಮೆ ಕೇಳಬೇಡಿ, ಕೊಡುವ ಮನಸ್ಸು ನನಗಿಲ್ಲ. ತಾವು ಹೇಳದಿದ್ದರೆ ಕಮಿಟಿ ಕೂಡುವ ಪ್ರತಿ ಬೈಠಕಿಗೂ ಬಂದು ಬಾಗಿಲಲ್ಲಿ ಕೂತು, ಒಳಗೆ ಹೋಗುವ ಒಬ್ಬೊಬ್ಬರಿಗೂ ನಾನು ಹೇಳುತ್ತೇನೆ. ಆಗ ನನ್ನನ್ನೂ ಹುಚ್ಚನೆಂದು ಬರೆದುಕೊಡಿ. ತಮ್ಮ ಹೊಸ ಕಾಯ್ದೆಯ ಮೊದಲ ವಿಚಾರಣೆ ನನ್ನದೇ ಆಗಲಿ. ತಾವು ಎದುರಿಗೆ ಕುಳಿತು ಪೂರ್ತಿ ಕೇಳಬೇಕಾಗುತ್ತದೆ.

ಇಂತಿ,
ಹೆಂಡತಿಯ ಕೈಹಿಡಿದು ತಂದು ತಮಗೊಪ್ಪಿಸಿದ ಜಾಣ,
ಮಡೆಪ್ಪ, ಕಲ್ಯಾಣಿ