ಅಳತೆ ತೆಗೆದು ಹಂಚಿದ ಪುಸ್ತಕಗಳು

ಪುಸ್ತಕ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮೊಮ್ಮಗಳು ಅರ್ಧ ಓದಿದ್ದ ಪುಸ್ತಕವನ್ನು ಶಾಲೆಯವರು ನಿಮ್ಮ ನಿಯಮದ ಹೆಸರಿನಲ್ಲಿ ಕಿತ್ತುಕೊಂಡು ಬೀರುವಿಗೆ ಹಾಕಿ ಬೀಗ ಜಡಿದಿದ್ದಾರೆ. ಮೊದಲು ಅದನ್ನು ವಾಪಸು ಕೊಡಿಸಿ. ನಿಮ್ಮ ಕ್ಷೇಮ ಸಮಾಚಾರವನ್ನು ಆಮೇಲೆ ವಿಚಾರಿಸುತ್ತೇನೆ.

ನಾನು ಶಾಲೆಯ ಎದುರಿಗೇ ಅಂಗಡಿ ಇಟ್ಟುಕೊಂಡಿರುವ ದರ್ಜಿ. ನೀವು ಬಂದು ‘ವೈವಿಧ್ಯಮಯ, ಎಲ್ಲರನ್ನೂ ಒಳಗೊಳ್ಳುವ ಓದು’ ಎಂಬ ಯೋಜನೆಯನ್ನು ಉದ್ಘಾಟಿಸಿದ ದಿನ ಕತ್ತರಿ ಕೆಳಗಿಟ್ಟು ಬಂದು ನಿಮ್ಮ ಭಾಷಣ ಕೇಳಿದವನು. ಸುಳ್ಳೇಕೆ, ಚಪ್ಪಾಳೆಯನ್ನೂ ತಟ್ಟಿದೆ. ನಾನು ಓದಿದ ಅಷ್ಟಿಷ್ಟು ಪಾಠಗಳಲ್ಲಿ ಇದ್ದವನು ಒಬ್ಬನೇ ಹುಡುಗ. ಬೆಳಗಾಗೆದ್ದು ಹಲ್ಲುಜ್ಜುತ್ತಿದ್ದ, ಅವನ ಅಪ್ಪ ಕಚೇರಿಗೆ ಹೋಗುತ್ತಿದ್ದ. ದರ್ಜಿ ಬಂದದ್ದು ಒಂದೇ ಸಾಲಿನಲ್ಲಿ, ಅದೂ ಬಟ್ಟೆ ತಡಮಾಡಿ ಕೊಟ್ಟ ಎಂದು ಬೈಸಿಕೊಳ್ಳಲು. ಹಾಗಾಗಿ ಎಲ್ಲ ಥರದ ಮಕ್ಕಳೂ ಪುಸ್ತಕದೊಳಗೆ ಬರಲಿ ಎಂದು ನೀವು ಹೇಳಿದಾಗ, ಅಂತೂ ಯಾರಿಗೋ ಬುದ್ಧಿ ಬಂತು ಎಂದುಕೊಂಡೆ. ನನ್ನದು ಆತುರದ ಸ್ವಭಾವ.

ಪುಸ್ತಕಗಳು ಬಂದವು. ಚೆನ್ನಾಗಿಯೇ ಇದ್ದವು. ಕೆಟ್ಟದ್ದು ಹಂಚಿಕೆಯಲ್ಲಿ. ‘ಪ್ರತಿ ಮಗುವೂ ಪುಸ್ತಕದಲ್ಲಿ ತನ್ನನ್ನು ಕಾಣಬೇಕು’ ಎಂದು ನಿಮ್ಮ ಸುತ್ತೋಲೆ ಹೇಳಿತಂತೆ. ಟೀಚರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೂ ಮೇಲಿಂದ ಕೆಳಗೆ ನೋಡಿದರಂತೆ. ಅಪ್ಪನಿಲ್ಲದವಳಿಗೆ ಅಪ್ಪನಿಲ್ಲದವಳ ಕಥೆ. ಅಡುಗೆ ಕೆಲಸದವಳ ಮಗಳಿಗೆ ಬಡವರ ಕಥೆ. ತೊದಲುವವನಿಗೆ ತೊದಲುವವನ ಕಥೆ. ಅದನ್ನು ಎದ್ದು ನಿಂತು ಗಟ್ಟಿಯಾಗಿ ಓದು ಎಂದರಂತೆ ಬೇರೆ! ಯಾವ ಕೊರತೆಯೂ ಕಾಣದ ಮಕ್ಕಳಿಗೆ ಮಾತ್ರ ಹಡಗು, ಕಾಡು, ಕಳ್ಳರು, ನಿಧಿ. ನನ್ನ ಮೊಮ್ಮಗಳ ಎರಡೂ ಕಿವಿಗೆ ಮೆಷಿನ್ ಇದೆ. ಅವಳಿಗೇನು ಸಿಕ್ಕಿತೆಂದು ನಿಮ್ಮಂಥ ಓದಿದವರಿಗೆ ಬಿಡಿಸಿ ಹೇಳಬೇಕೇ?

“ಹೇಗಿದ್ಯೇ ಪುಸ್ತಕ?” ಎಂದು ಕೇಳಿದೆ.

“ಈ ಹುಡುಗಿಗೆ ಒಂದು ಸಲಾನೂ ಸಿಟ್ಟೇ ಬರಲ್ಲ ತಾತ. ಆಡ್ಕೊಂಡ್ರೂ ನಗ್ತಾಳೆ, ತಳ್ಳಿದ್ರೂ ನಗ್ತಾಳೆ. ಇವಳು ನಾನಲ್ಲ.”

“ಮತ್ಯಾರು?”

“ಟೀಚರ್‌ಗೆ ಇಷ್ಟ ಆಗೋ ನಾನು.”

ನಮ್ಮ ಮನೆಯಲ್ಲಿ ಸಿಟ್ಟು ಬರದವರು ಇನ್ನೂ ಹುಟ್ಟಿಲ್ಲ ಸ್ವಾಮಿ. ಹೋಗಲಿ, ಅವಳ ಪಕ್ಕ ಕೂರುವ ಔಷಧಿ ಅಂಗಡಿಯವರ ಮಗಳಿಗೆ ಮುಳುಗಿದ ಹಡಗನ್ನು ಹುಡುಕಲು ಸಮುದ್ರಕ್ಕಿಳಿಯುವ ಹುಡುಗಿಯೊಬ್ಬಳ ಕಥೆ ಸಿಕ್ಕಿತ್ತು. ಆ ಮಗುವಿಗೆ ನೀರೆಂದರೆ ಭಯ. ಇಬ್ಬರೂ ಪುಸ್ತಕ ಅದಲು ಬದಲು ಮಾಡಿಕೊಂಡರು. ಸಂಜೆ ನನ್ನವಳು ಅಂಗಡಿಯಲ್ಲಿ ಕೂತು ಹಡಗಿನ ಕಥೆ ಓದಿ ಹೇಳುತ್ತಿದ್ದಳು. ಹೊಲಿಗೆ ಯಂತ್ರದ ಸದ್ದು ಅವಳ ಕಿವಿ ಮೆಷಿನ್‌ಗೆ ಆಗದು, ಅದಕ್ಕೇ ಆ ಹೊತ್ತಿಗೆಂದು ನಾನು ಗುಂಡಿ ಹಾಕುವ ಕೆಲಸ ಉಳಿಸಿಕೊಳ್ಳುತ್ತಿದ್ದೆ. ಆಚೆ ಔಷಧಿ ಅಂಗಡಿಯವರ ಮಗಳು ಕಿವಿ ಕೇಳದವಳ ಕಥೆ ಓದಿ ಬಂದು ಕೇಳಿದಳಂತೆ: “ಎಲ್ಲರೂ ಒಟ್ಟಿಗೆ ಮಾತಾಡಿದ್ರೆ ನಿಂಗೂ ಹೀಗೇ ಎಲ್ಲಾ ಕಲಸಿ ಹೋಗುತ್ತೇನೇ?”

“ಹೂಂ ಮತ್ತೆ. ನೀನು ಗೋಡೆ ಕಡೆ ಮುಖ ಮಾಡ್ಕೊಂಡು ವಟಗುಟ್ಟಿದ್ರಂತೂ ಏನೂ ಗೊತ್ತಾಗಲ್ಲ ಕಣೇ, ಕೋತಿ!”

ಅಂದಿನಿಂದ ಆ ಮಗು ಇವಳ ಕಡೆ ತಿರುಗಿ ಮಾತಾಡುತ್ತದೆ. ಅಧ್ಯಕ್ಷರೇ, ನಿಮ್ಮ ಯೋಜನೆ ಇಡೀ ಶಾಲೆಯಲ್ಲಿ ಫಲ ಕೊಟ್ಟದ್ದು ಆ ಒಂದೇ ಬೆಂಚಿನಲ್ಲಿ, ಅದೂ ನಿಮ್ಮ ನಿಯಮ ಮುರಿದದ್ದರಿಂದ. ಕೂಡಲೇ ಪತ್ತೆ ಹಚ್ಚಿ ನಿಲ್ಲಿಸಿದರು. ಎರಡೂ ಪುಸ್ತಕಗಳು ಬೀರು ಸೇರಿದವು. ನಾನು ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದೆ.

“ಮಕ್ಕಳು ಹೀಗೆ ಬದಲಾಯಿಸ್ಕೊಂಡ್ರೆ ಯೋಜನೆ ಉದ್ದೇಶಾನೇ ಹಾಳಾಗುತ್ತೆ ಯಜಮಾನ್ರೇ,” ಎಂದರು ಆಕೆ.

“ಓದ್ತಾ ಇದ್ವಲ್ಲಮ್ಮಾ ಪಾಪ!”

“ಓದೋದು ಬೇರೆ, ಯೋಜನೆ ಬೇರೆ.”

ಆ ಬೀರುವಿನ ಮೇಲೆ ‘ಒಳಗೊಳ್ಳುವ ಓದು’ ಎಂಬ ಚೀಟಿ ಅಂಟಿಸಿದೆ. ನಿಜ, ಎಲ್ಲವೂ ಒಳಗೇ ಇವೆ. ಒಂದಾದರೂ ಹೊರಗಿಲ್ಲ.

ಅಳತೆ ತೆಗೆಯುವುದು ನನ್ನ ಹೊಟ್ಟೆಪಾಡು. ಸುತ್ತಳತೆ, ಉದ್ದ, ತೋಳು, ಎಲ್ಲವನ್ನೂ ನೋಡಿಯೇ ಬಟ್ಟೆಗೆ ಕತ್ತರಿ ಹಾಕುವವನು. ಅಂಥ ನಾನೂ ಶಾಲೆಯ ಸ್ಕರ್ಟು ಹೊಲಿಯುವಾಗ ಅಂಚಿನಲ್ಲಿ ಒಳಗೊಂದು ಮಡಿಕೆ ಬಿಡುತ್ತೇನೆ. ಮಗು ಬೆಳೆಯುತ್ತದಲ್ಲ, ಬಿಚ್ಚಿದರೆ ಉದ್ದವಾಗುತ್ತದೆ. ನೀವು ಮಗುವಿನ ಕಿವಿಯ ಅಳತೆ ತೆಗೆದು, ಅಷ್ಟಕ್ಕೇ ಪುಸ್ತಕ ಕತ್ತರಿಸಿ ಕೊಟ್ಟಿರಿ. ಮಡಿಕೆ ಎಲ್ಲಿ? ಕಿವಿ ಮಂದವಾದವಳಿಗೆ ಸಮುದ್ರಕ್ಕಿಳಿಯುವ ಆಸೆ ಇರಬಾರದೇ? ಅವಳು ದಿನಾ ಕನ್ನಡಿಯಲ್ಲಿ ನೋಡಿಕೊಳ್ಳುವ ಮೆಷಿನ್ನನ್ನು ಪುಸ್ತಕದಲ್ಲೂ ನೋಡಿಕೊಂಡು ಕೂರಬೇಕೇ? ಅದನ್ನು ನೋಡಬೇಕಾದವರು ಉಳಿದವರಲ್ಲವೇ?

ಈಗಿನ ಸಂಗತಿ ಕೇಳಿ. ಓದಿನ ಪೀರಿಯಡ್ ಶುರುವಾದ ಕೂಡಲೇ ನನ್ನ ಮೊಮ್ಮಗಳು ಎರಡೂ ಕಿವಿಯ ಮೆಷಿನ್ ಆಫ್ ಮಾಡಿ ಕೂರುತ್ತಾಳೆ. ಯಾಕೆ ಎಂದರೆ, “ಕೇಳೋಕೇನಿದೆ ತಾತ ಅಲ್ಲಿ?” ಎನ್ನುತ್ತಾಳೆ. ಸಂಜೆ ಅಂಗಡಿಗೂ ಪುಸ್ತಕ ತರುವುದಿಲ್ಲ. ಅವಳು ಬೈದಿದ್ದರೆ, ಕೂಗಾಡಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸುಮ್ಮನಿದ್ದಾಳೆ. ನೀವು ಕೊಟ್ಟ ಪುಸ್ತಕದ ಹುಡುಗಿಯ ಹಾಗೆ ನಗಲೂ ಶುರುಮಾಡಿದ್ದಾಳೆ. ನನಗೆ ಭಯವಾಗಿರುವುದು ಅದಕ್ಕೆ.

ನನ್ನ ಬೇಡಿಕೆ ದೊಡ್ಡದಲ್ಲ. ಇನ್ನಷ್ಟು ಥರದ ಪುಸ್ತಕ ತರಿಸಿ, ಬೇಡ ಎಂದವರು ಯಾರು? ಆದರೆ ಬೀರುವಿನ ಬಾಗಿಲು ತೆಗೆದಿಡಿ, ಯಾವ ಮಗು ಯಾವುದನ್ನು ಬೇಕಾದರೂ ಎತ್ತಿಕೊಳ್ಳಲಿ, ಬದಲಾಯಿಸಿಕೊಳ್ಳಲಿ, ಜಗಳವಾಡಿ ಕಿತ್ತುಕೊಳ್ಳಲಿ. ಹಾಗೆಂದು ಇನ್ನೊಂದು ಸುತ್ತೋಲೆ ಬರೆಯಿರಿ. ಅದು ಬಂದು ಮುಟ್ಟುವವರೆಗೆ ಕಾಯಲು ಮಾತ್ರ ಆಗುವುದಿಲ್ಲ, ಹಡಗಿನ ಪುಸ್ತಕ ಈ ವಾರವೇ ಬೇಕು. ನಾವು ನಿಲ್ಲಿಸಿದ ಕಡೆ ಆ ಹುಡುಗಿ ಹಡಗಿನ ಹೊಟ್ಟೆಯೊಳಗೆ ಹೋಗಿದ್ದಾಳೆ, ಕೈಯಲ್ಲಿದ್ದ ಟಾರ್ಚು ಆರಿದೆ. ಬೀಗದ ಕೈ ನಿಮ್ಮವರ ಹತ್ತಿರ ಇದೆ. ಮಗು ಇನ್ನೂ ನೀರಿನಡಿಯಲ್ಲೇ ಇದೆ ಸ್ವಾಮಿ, ಮೇಲೆ ಬರಲು ಬಿಡಿ.

ಇಂತಿ,
ಶಾಲೆ ಬೇಗ ಬಿಟ್ಟರೂ ಅದರ ಸಮವಸ್ತ್ರ ಬಿಡಲಾಗದೆ,
ಗುಂಡಿ ಹಾಕುವ ಕೆಲಸ ಉಳಿಸಿಕೊಂಡು ಕಾಯುತ್ತಿರುವ
ಎದುರಂಗಡಿಯ ದರ್ಜಿ